ಎರಡನೇ ಮಾಲೀಕನ ಲೆಕ್ಕ

(ಕಾರಿನ ಹುಚ್ಚಿರುವ ಒಂದಷ್ಟು ಜನ ಬೆಂಗಳೂರಿನಲ್ಲಿ ಆಗಾಗ ಭಾನುವಾರ ಸೇರುತ್ತೇವೆ. ಅಂಥ ಒಂದು ಕೂಟದಲ್ಲಿ ಆಡಿದ ಮಾತಿದು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯ ಪ್ರಶ್ನೆಗಳನ್ನು ನೆನಪಿದ್ದಷ್ಟು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹಿಂದೆ ನಿಂತಿರುವವರು ಮುಂದೆ ಬನ್ನಿ, ಕುರ್ಚಿ ಖಾಲಿ ಇವೆ.

ನಾನು ಮೆಕ್ಯಾನಿಕ್ ಅಲ್ಲ, ರೇಸ್ ಓಡಿಸಿದವನೂ ಅಲ್ಲ. ಆಡಿಟರ್. ಬೇರೆಯವರ ಲೆಕ್ಕ ನೋಡಿ ಹೊಟ್ಟೆ ಹೊರೆಯುವವನು. ಹನ್ನೊಂದು ವರ್ಷದ ಹಿಂದೆ ಸ್ವಂತ ಲೆಕ್ಕ ಮರೆತು ಒಂದು ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು ತಗೊಂಡೆ. ಎರಡೇ ಸೀಟು. ಮೇಲಿನ ಹುಡ್ ಬಟ್ಟೆಯದು, ಬಟನ್ ಒತ್ತಿದರೆ ಮಡಚಿಕೊಂಡು ಹಿಂದೆ ಹೋಗುತ್ತದೆ. ನನ್ನ ಹೆಂಡತಿ ಇವತ್ತಿಗೂ ಅದನ್ನು ‘ನಿಮ್ಮ ಚಿಕ್ಕಮನೆ’ ಅಂತಲೇ ಕರೆಯುವುದು. ಯಾವ ಕಂಪನಿಯದು ಅಂತ ಹೇಳುವುದಿಲ್ಲ. ಮುಂದೆ ಅದರ ಕಷ್ಟಸುಖ ಹೇಳಬೇಕಾಗುತ್ತದೆ, ಸುಮ್ನೆ ಯಾಕೆ.

ಇವತ್ತಿನ ವಿಷಯ ಸವಕಳಿ. ಇಂಗ್ಲಿಷಿನವರು ಡಿಪ್ರಿಸಿಯೇಷನ್ ಅನ್ನುತ್ತಾರೆ, ಅಂದರೆ ಬೆಲೆ ಇಳಿಯುವುದು. ನಮ್ಮ ಪದ ಬಂದಿರುವುದು ಸವೆಯುವುದರಿಂದ. ಒರಳುಕಲ್ಲು ಸವೆಯುತ್ತದೆ. ಹವಾಯಿ ಚಪ್ಪಲಿಯ ಹಿಮ್ಮಡಿ ಸವೆಯುತ್ತದೆ. ಕಾರಿನ ವಿಷಯದಲ್ಲಿ ಈ ಪದ ನಮ್ಮನ್ನು ಸ್ವಲ್ಪ ದಾರಿ ತಪ್ಪಿಸುತ್ತದೆ. ಶೋರೂಮಿನಿಂದ ಹೊರಗೆ ಬಂದ ಮೊದಲ ದಿನ ಗಾಡಿಯಲ್ಲಿ ಏನು ಸವೆದಿರುತ್ತದೆ ಹೇಳಿ? ಟೈರಿನ ಮೇಲಿರುವ ರಬ್ಬರ್ ಕೂದಲು ಕೂಡ ಉದುರಿರುವುದಿಲ್ಲ. ಆದರೂ ಮರುದಿನ ಮಾರಲು ಹೋದರೆ ಲಕ್ಷಗಟ್ಟಲೆ ಕಡಿಮೆ ಕೇಳುತ್ತಾರೆ. ಏನೂ ಸವೆಯದೆ ದುಡ್ಡು ಎಲ್ಲಿ ಹೋಯಿತು?

ನಮ್ಮ ದೇಶದಲ್ಲಿ, ಅದರಲ್ಲೂ ನಮ್ಮ ರಾಜ್ಯದಲ್ಲಿ, ಅದಕ್ಕೆ ಉತ್ತರ ಸುಲಭ. ಅದು ಕಾರಿಗೆ ಹೋದ ದುಡ್ಡೇ ಅಲ್ಲ. ಸರ್ಕಾರಕ್ಕೆ ಹೋದ ದುಡ್ಡು.

ಸ್ವಲ್ಪ ನಿಧಾನವಾಗಿ ಲೆಕ್ಕ ಹಾಕೋಣ. ಪೂರ್ತಿ ತಯಾರಾಗಿ ಹೊರದೇಶದಿಂದ ಹಡಗಿನಲ್ಲಿ ಬರುವ ಕಾರು ಅಂದುಕೊಳ್ಳಿ. ಸ್ಪೋರ್ಟ್ಸ್ ಕಾರುಗಳಲ್ಲಿ ಹೆಚ್ಚಿನವು ಹಾಗೇ ಬರುವುದು. ಬಂದರಿಗೆ ಬಂದಾಗ ಅದರ ಬೆಲೆ 100 ರೂಪಾಯಿ ಅಂತ ಇಟ್ಟುಕೊಳ್ಳೋಣ. 40,000 ಡಾಲರ್‌ಗಿಂತ ದುಬಾರಿ ಕಾರಾದರೆ ಆಮದು ಸುಂಕ, ಅದರ ಮೇಲಿನ ಸೆಸ್ ಎಲ್ಲ ಸೇರಿ ಸುಮಾರು 110. ಅಲ್ಲಿಗೆ 210 ಆಯಿತು. ಅದರ ಮೇಲೆ ಶೇಕಡ 40 ಜಿಎಸ್‌ಟಿ. 294. ಡೀಲರ್ ಲಾಭ, ಸಾಗಣೆ ಖರ್ಚು ಬಿಟ್ಟುಬಿಡಿ, ಅದನ್ನು ನಾನು ಸೇರಿಸಿಯೇ ಇಲ್ಲ. ಈಗ ಗಾಡಿ ಬೆಂಗಳೂರಿನ ಆರ್‌ಟಿಒಗೆ ಬಂತು. ಕರ್ನಾಟಕದಲ್ಲಿ 20 ಲಕ್ಷಕ್ಕಿಂತ ಮೇಲಿನ ಪೆಟ್ರೋಲ್ ಕಾರಿಗೆ ಲೈಫ್‌ಟೈಮ್ ಟ್ಯಾಕ್ಸ್ ಶೇಕಡ 18. ತೆರಿಗೆಯ ಮೇಲೆ ಸೆಸ್ ಇದೆ, ಅದೂ ಸೇರಿದರೆ 20ರ ಹತ್ತಿರ. ಅಲ್ಲಿಗೆ 350 ದಾಟಿತು.

ಜಿಎಸ್‌ಟಿ ಮೇಲೆ ರಸ್ತೆ ತೆರಿಗೆ, ಸುಂಕದ ಮೇಲೆ ಜಿಎಸ್‌ಟಿ. ತೆರಿಗೆಗೇ ತೆರಿಗೆ. ಇದು ನನ್ನ ಕಸುಬಿನವರಿಗೆ ಅಭ್ಯಾಸವಾಗಿದೆ, ನಿಮಗೆ ಹೊಟ್ಟೆ ಉರಿಯಬಹುದು.

ಹಾಗಾಗಿ 350 ಕೊಟ್ಟು ತಂದದ್ದು ನಿಜಕ್ಕೂ 100 ರೂಪಾಯಿಯ ಕಾರು. ಮರುದಿನ ಮಾರಿದರೆ ಪೂರ್ತಿ 100ಕ್ಕೇ ಇಳಿಯುವುದಿಲ್ಲ, ಯಾಕೆಂದರೆ ಇನ್ನೊಬ್ಬ ಹೊಸದು ತಗೊಂಡರೂ ಅವನೂ ಅಷ್ಟೇ ಕೊಡಬೇಕು. ಬೆಲೆ ನಿಧಾನವಾಗಿ ಕರಗುತ್ತಾ ಬರುತ್ತದೆ. ಆದರೆ ಕರಗುವುದಕ್ಕೆ ಅಲ್ಲಿ ಇಷ್ಟೊಂದು ಮಂಜುಗಡ್ಡೆ ಇದೆಯಲ್ಲ, ಅದೇ ಮುಖ್ಯ. ನಮ್ಮಲ್ಲಿ ಹೊಸ ಸ್ಪೋರ್ಟ್ಸ್ ಕಾರು ತಗೊಳ್ಳುವವನು ಎರಡು ವಸ್ತು ತಗೊಳ್ಳುತ್ತಾನೆ. ಒಂದು ಕಾರು, ಇನ್ನೊಂದು ರಸೀದಿ. ರಸೀದಿಯನ್ನು ಮಾರುವಾಗ ಪೂರ್ತಿ ದುಡ್ಡು ಯಾರೂ ಕೊಡುವುದಿಲ್ಲ. ಆದರೆ ರಾಜ್ಯದ ಒಳಗೇ ಮಾರಿದರೆ ಆ ಲೈಫ್‌ಟೈಮ್ ಟ್ಯಾಕ್ಸ್ ಗಾಡಿಯ ಜೊತೆಗೇ ಹೋಗುತ್ತದೆ. ಎರಡನೇ ಮಾಲೀಕ ಅದನ್ನು ಮತ್ತೆ ಕಟ್ಟಬೇಕಿಲ್ಲ. ಹೆಸರು ಬದಲಾವಣೆಯ ಶುಲ್ಕ ಅಷ್ಟೇ.

ಈಗ ನನ್ನ ಕಕ್ಷಿದಾರರು ಕೇಳುವ ಮಾತಿಗೆ ಬರುತ್ತೇನೆ. ‘ಕಂಪನಿ ಹೆಸರಲ್ಲಿ ತಗೊಂಡ್ರೆ ಸವಕಳಿ ಸಿಗುತ್ತಲ್ವಾ ಸಾರ್?’ ಸಿಗುತ್ತದೆ. ಆದಾಯ ತೆರಿಗೆಯಲ್ಲಿ ಕಾರಿಗೆ ವರ್ಷಕ್ಕೆ ಶೇಕಡ 15, ಅದೂ ಉಳಿದ ಬೆಲೆಯ ಮೇಲೆ. 100 ರೂಪಾಯಿಯ ಕಾರು ಪುಸ್ತಕದಲ್ಲಿ ಐದು ವರ್ಷಕ್ಕೆ ಸುಮಾರು 44 ಆಗುತ್ತದೆ. ಮೊದಲ ವರ್ಷ 180 ದಿನಕ್ಕಿಂತ ಕಡಿಮೆ ಓಡಿಸಿದ್ದರೆ ಅರ್ಧ ಮಾತ್ರ. ಶೇಕಡ 30ರ ತೆರಿಗೆ ಕಟ್ಟುವವರಿಗೆ ಮೊದಲ ವರ್ಷ ಉಳಿಯುವುದು ನೂರಕ್ಕೆ ನಾಲ್ಕೂವರೆ ರೂಪಾಯಿ. ಕಟ್ಟಿದ ಜಿಎಸ್‌ಟಿಯೂ ವಾಪಸ್ ಬರುವುದಿಲ್ಲ, ಇಂಥ ಕಾರಿಗೆ ಇನ್‌ಪುಟ್ ಕ್ರೆಡಿಟ್ ಇಲ್ಲ. ನಾಲ್ಕೂವರೆ ಉಳಿಸಲು ನೂರು ಖರ್ಚು ಮಾಡುವವರನ್ನು ನಾನು ತಡೆಯಲು ಹೋಗುವುದಿಲ್ಲ, ನನ್ನ ಫೀಸು ಬರುತ್ತದೆ.

ಇನ್ಶೂರೆನ್ಸ್‌ನವರ ಸವಕಳಿ ಇನ್ನೊಂದು ಥರ. ಆರು ತಿಂಗಳ ಒಳಗೆ ಶೇಕಡ 5, ವರ್ಷದೊಳಗೆ 15, ಎರಡು ವರ್ಷದೊಳಗೆ 20, ಆಮೇಲೆ ವರ್ಷಕ್ಕೆ ಹತ್ತು ಹತ್ತು ಹೆಚ್ಚುತ್ತಾ ಐದನೇ ವರ್ಷಕ್ಕೆ 50. ಇದರಿಂದ ಬರುವ ಮೊತ್ತಕ್ಕೆ ಐಡಿವಿ ಅನ್ನುತ್ತಾರೆ. ಗಾಡಿ ಕಳುವಾದರೆ, ಪೂರ್ತಿ ಹಾಳಾದರೆ ಕೊಡುವುದು ಅದನ್ನೇ. ಗಮನಿಸಿ, ಲೆಕ್ಕ ಶುರುವಾಗುವುದು ಶೋರೂಮ್ ಬೆಲೆಯಿಂದ. ನೀವು ಕಟ್ಟಿದ ಲೈಫ್‌ಟೈಮ್ ಟ್ಯಾಕ್ಸ್ ಅದರಲ್ಲಿ ಬರುವುದೇ ಇಲ್ಲ. ಹೊಸ ಗಾಡಿಗೆ ರಿಟರ್ನ್ ಟು ಇನ್ವಾಯ್ಸ್ ಅಂತ ಬೇರೆ ಕವರ್ ಮಾರುವುದು ಇದಕ್ಕೇ.

ಈ ಎರಡು ಕೋಷ್ಟಕಕ್ಕೂ ನಿಮ್ಮ ಕಾರು ಯಾವುದು ಅಂತ ಗೊತ್ತಿಲ್ಲ. ಡಿಸೈರ್ ಆದರೂ ಅದೇ, ಪೋರ್ಷೆ ಆದರೂ ಅದೇ. ಗೊತ್ತಿರುವುದು ಸಂತೆಗೆ ಮಾತ್ರ.

ಸಂತೆಯ ಲೆಕ್ಕವನ್ನು ಒಂದು ಊಹೆಯ ಉದಾಹರಣೆಯಲ್ಲಿ ನೋಡೋಣ. ಅಂಕಿ ನನ್ನವು, ನಿಮ್ಮ ಗಾಡಿಗೆ ನಿಮ್ಮ ಅಂಕಿ ಹಾಕಿಕೊಳ್ಳಿ. ಶೋರೂಮ್ ಬೆಲೆ ಒಂದು ಕೋಟಿ. ರಸ್ತೆ ತೆರಿಗೆ 20 ಲಕ್ಷ, ಇನ್ಶೂರೆನ್ಸ್ ಅದು ಇದು 4 ಲಕ್ಷ. ಆನ್ ರೋಡ್ 1.24 ಕೋಟಿ. ಮೂರು ವರ್ಷ ಇಟ್ಟುಕೊಂಡು 65 ಲಕ್ಷಕ್ಕೆ ಮಾರಿದಿರಿ. ಹೋದದ್ದು 59 ಲಕ್ಷ. ದಿನಕ್ಕೆ ಸುಮಾರು 5,400 ರೂಪಾಯಿ. ಗಾಡಿ ಶೆಡ್ಡಿನಲ್ಲಿ ಕವರ್ ಹೊದ್ದು ಮಲಗಿದ್ದರೂ 5,400. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಸ್ಪೋರ್ಟ್ಸ್ ಕಾರು ಎಷ್ಟು ಓಡುತ್ತದೆ? ಭಾನುವಾರ ಬೆಳಿಗ್ಗೆ ಐದೂವರೆಗೆ ಎದ್ದು ನಂದಿ ಬೆಟ್ಟದ ಕಡೆ ಹೋಗಿ, ಇಡ್ಲಿ ತಿಂದು ವಾಪಸ್ ಬರುವುದು. ಮೂರು ವರ್ಷಕ್ಕೆ 12,000 ಕಿಲೋಮೀಟರ್ ಆದರೆ ಜಾಸ್ತಿ. ಅಂದರೆ ಕಿಲೋಮೀಟರಿಗೆ 490 ರೂಪಾಯಿ. ಪೆಟ್ರೋಲ್ ಇನ್ನೂ ಹಾಕಿಲ್ಲ! ನಮ್ಮೂರ ಆಟೋ ಮೀಟರ್ 2025ರ ಆಗಸ್ಟ್‌ನಿಂದ ಕಿಲೋಮೀಟರಿಗೆ 18 ರೂಪಾಯಿ. ಇಪ್ಪತ್ತೇಳು ಆಟೋಗಳನ್ನು ಸಾಲಾಗಿ ನಂದಿ ಬೆಟ್ಟಕ್ಕೆ ಕರೆದುಕೊಂಡು ಹೋದ ಹಾಗೆ. ಅದೇ ದುಡ್ಡು ಬ್ಯಾಂಕಿನಲ್ಲಿ ಎಫ್‌ಡಿ ಇಟ್ಟಿದ್ದರೆ ಶೇಕಡ 7ರಂತೆ ವರ್ಷಕ್ಕೆ ಎಂಟೂವರೆ ಲಕ್ಷದ ಮೇಲೆ ಬಡ್ಡಿ ಬರುತ್ತಿತ್ತು. ಅದನ್ನು ನಾನು ಹೇಳಬಾರದಿತ್ತು. ಹೇಳಿದೆ.

ಎರಡನೇ ಮಾಲೀಕ 65 ಲಕ್ಷಕ್ಕೆ ತಗೊಂಡ. ಅವನೂ ಮೂರು ವರ್ಷ ಇಟ್ಟುಕೊಂಡು 45ಕ್ಕೆ ಮಾರಿದ. ಹೋದದ್ದು 20. ವಾರಂಟಿ ಮುಗಿದಿರುವುದರಿಂದ ರಿಪೇರಿಗೆ 6 ಲಕ್ಷ ಅಂತ ಇಟ್ಟುಕೊಳ್ಳಿ. ಒಟ್ಟು 26. ಮೊದಲನೆಯವನ ಅರ್ಧವೂ ಆಗಲಿಲ್ಲ. ನಂದಿ ಬೆಟ್ಟ ಅದೇ, ಇಡ್ಲಿ ಅದೇ.

ಹಾಗಾದರೆ ಮೂರನೆಯವನು ಇನ್ನೂ ಜಾಣ ಅಲ್ವಾ? 45ಕ್ಕೆ ತಗೊಂಡು 35ಕ್ಕೆ ಮಾರುತ್ತಾನೆ, ಬರೀ ಹತ್ತು. ಇಲ್ಲಿ ಸ್ವಲ್ಪ ತಡೆಯಿರಿ. ಏಳನೇ, ಎಂಟನೇ ವರ್ಷಕ್ಕೆ ಕ್ಲಚ್ಚು, ಸಸ್ಪೆನ್ಷನ್, ರೇಡಿಯೇಟರ್, ಗೇರ್‌ಬಾಕ್ಸಿನ ಎಲೆಕ್ಟ್ರಾನಿಕ್ಸ್ ಒಂದೊಂದಾಗಿ ಕೈ ಎತ್ತಲು ಶುರು ಮಾಡುತ್ತವೆ. ಅವನಿಗೆ 12 ಲಕ್ಷ ರಿಪೇರಿ ಬಂದರೆ ಒಟ್ಟು 22. ಎರಡನೆಯವನಿಗಿಂತ ಉಳಿದದ್ದು ನಾಲ್ಕೇ ಲಕ್ಷ. ಅದೂ ಅದೃಷ್ಟ ಇದ್ದರೆ.

ನಾನು ಇವತ್ತು ಬಂದಿರುವುದೇ ಈ ಒಂದು ಮಾತು ಹೇಳಲಿಕ್ಕೆ. ಕಾರಿನ ಬೆಲೆ ಇಳಿಯುತ್ತದೆ, ಅದರ ಸ್ಪೇರ್ ಪಾರ್ಟಿನ ಬೆಲೆ ಇಳಿಯುವುದಿಲ್ಲ. ಒಂದು ಕೋಟಿಯ ಕಾರು 30 ಲಕ್ಷಕ್ಕೆ ಸಿಕ್ಕಿತು ಅಂತ ಕುಣಿಯುವವರು ಅದನ್ನು 30 ಲಕ್ಷದ ಕಾರು ಅಂದುಕೊಳ್ಳುತ್ತಾರೆ. ವರ್ಕ್‌ಶಾಪ್ ಅದನ್ನು ಇವತ್ತಿಗೂ ಒಂದು ಕೋಟಿಯ ಕಾರು ಅಂತಲೇ ನೋಡುತ್ತದೆ. ಕೆಲವು ದುಬಾರಿ ಸ್ಪೋರ್ಟ್ಸ್ ಕಾರುಗಳಲ್ಲಿ ಬ್ರೇಕ್ ಡಿಸ್ಕ್ ಕಾರ್ಬನ್ ಸೆರಾಮಿಕ್‌ನದು. ಪೋರ್ಷೆಯಲ್ಲಿ ಡಿಸ್ಕ್ ಹಿಡಿಯುವ ಕ್ಯಾಲಿಪರ್ ಹಳದಿ ಬಣ್ಣದ್ದು ಕಂಡರೆ ಅದೇ. ತೂಕ ಕಡಿಮೆ, ಬಿಸಿಯಾದರೂ ಹಿಡಿತ ಬಿಡುವುದಿಲ್ಲ, ನೋಡಲು ಚೆಂದ. ನಾಲ್ಕು ಡಿಸ್ಕ್ ಬದಲಾಯಿಸುವ ದುಡ್ಡಿನಲ್ಲಿ ಹೊಸ ಸಣ್ಣ ಕಾರು ಬರುತ್ತದೆ.

ಈಗ ನನ್ನ ಕಥೆ. ಗಾಡಿ ತಂದ ಮೊದಲ ಒಂದೆರಡು ವರ್ಷ ಅದನ್ನು ಮನೆ ಮುಂದೆ ಹೊಂಗೆ ಮರದ ಕೆಳಗೆ ನಿಲ್ಲಿಸುತ್ತಿದ್ದೆ. ನೆರಳು ಚೆನ್ನಾಗಿದೆ, ಬಟ್ಟೆಯ ಹುಡ್ ಬಿಸಿಲಿಗೆ ಹಾಳಾಗುವುದಿಲ್ಲ ಅಂತ ನನ್ನ ಬುದ್ಧಿವಂತಿಕೆ. ಏಪ್ರಿಲ್‌ನಲ್ಲಿ ಹೊಂಗೆ ಹೂ ಬಿಡುತ್ತದೆ ಅಂತ ಗೊತ್ತಲ್ಲ. ಬೆಳಿಗ್ಗೆ ಎದ್ದರೆ ಗಾಡಿ ಮೇಲೆ ಅಕ್ಷತೆ ಹಾಕಿದ ಹಾಗೆ. ಫೋಟೋ ತೆಗೆದು ಎಲ್ಲರಿಗೂ ಕಳಿಸಿದ್ದೆ. ಆ ಹೂಗಳು ಹುಡ್ಡಿನ ಅಂಚಿನಲ್ಲಿರುವ ನೀರು ಹೋಗುವ ತೂತಿಗೆ ಇಳಿದು ಕೂತಿದ್ದು ನನಗೆ ಕಾಣಲಿಲ್ಲ. ಮೇ ತಿಂಗಳ ಮೊದಲ ಮಳೆ ಬಂತು. ನೀರು ಕೆಳಗೆ ಹೋಗಲು ದಾರಿ ಇಲ್ಲದೆ ಪಕ್ಕದ ಗೂಡಿಗೆ ನುಗ್ಗಿತು. ಆ ಗೂಡಿನಲ್ಲೇ ಹುಡ್ ಎತ್ತುವ ಹೈಡ್ರಾಲಿಕ್ ಮೋಟರ್ ಇಟ್ಟಿದ್ದಾರೆ. ನೀರು ಹರಿಯುವ ಜಾಗದಲ್ಲಿ ಮೋಟರ್ ಇಡಬೇಕು ಅಂತ ಯಾವ ಎಂಜಿನಿಯರಿಗೆ ಹೊಳೆಯಿತೋ!

ಹುಡ್ ಅರ್ಧ ತೆರೆದು ನಿಂತಿತು. ಮಳೆಗಾಲದಲ್ಲಿ. ವರ್ಕ್‌ಶಾಪ್‌ನವರು ಕೊಟ್ಟ ಎಸ್ಟಿಮೇಟ್ ನಾನು ಗಾಡಿಗೆ ಕೊಟ್ಟಿದ್ದರ ಆರನೇ ಒಂದು ಭಾಗ. ಮೋಟರ್ ಒಂದೇ ಬದಲಾಯಿಸಲು ಬರುವುದಿಲ್ಲ, ಪೂರ್ತಿ ಜೋಡಣೆಯೇ ತರಿಸಬೇಕು, ಎರಡು ತಿಂಗಳು ಕಾಯಬೇಕು ಅಂದರು. ಕೊನೆಗೆ ಗುಜರಿ ಸಾಮಾನಿನ ಮಧ್ಯೆ ಕೂತಿದ್ದ ಒಬ್ಬ ಎಲೆಕ್ಟ್ರಿಷಿಯನ್ ಅದೇ ಮೋಟರನ್ನು ಬಿಚ್ಚಿ, ಒಣಗಿಸಿ, ಕಾರ್ಬನ್ ಬ್ರಷ್ ಬದಲಾಯಿಸಿ ಕೊಟ್ಟ. ಒಂಬತ್ತು ವರ್ಷ ಆಯಿತು, ಓಡುತ್ತಿದೆ. ಮೋಟರನ್ನು ಅವನೇ ಡಿಕ್ಕಿಯೊಳಗೆ ಎತ್ತರದ ಜಾಗಕ್ಕೆ ಸರಿಸಿದ. ‘ನೀರು ಹೋಗೋ ತೂತು ವರ್ಷಕ್ಕೆ ಎರಡು ಸಲ ಕ್ಲೀನ್ ಮಾಡಿ ಸಾರ್, ಯುಗಾದಿಗೊಂದು ಸಲ, ಗೌರಿ ಹಬ್ಬಕ್ಕೊಂದು ಸಲ’ ಅಂದ. ಮಾಡುತ್ತಿದ್ದೇನೆ.

ಆ ಎಲೆಕ್ಟ್ರಿಷಿಯನ್ ಸಿಗದಿದ್ದರೆ? ಅದಕ್ಕೇ ನಾನು ಯಾರಿಗಾದರೂ ಹೇಳುವುದು, ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು ನೋಡಲು ಹೋಗುವ ಮೊದಲು ಅದನ್ನು ರಿಪೇರಿ ಮಾಡುವವರನ್ನು ಹುಡುಕಿ. ಹೆಣ್ಣು ನೋಡುವ ಮೊದಲೇ ಛತ್ರ ಬುಕ್ ಮಾಡಿದ ಹಾಗೆ ಕಾಣಬಹುದು. ಪರವಾಗಿಲ್ಲ.

ಇನ್ನು, ಎಲ್ಲ ಕಾರಿನ ಬೆಲೆಯೂ ಇಳಿಯುತ್ತದಾ? ಇಲ್ಲ. ನಮ್ಮಲ್ಲೇ ನಡೆದ ಉದಾಹರಣೆ ಫೋಕ್ಸ್‌ವ್ಯಾಗನ್ ಪೋಲೋ ಜಿಟಿಐ. 2016ರ ಕೊನೆಯಲ್ಲಿ ಭಾರತಕ್ಕೆ ಬಂತು. ಮೂರು ಬಾಗಿಲು, 1.8 ಲೀಟರ್ ಟರ್ಬೊ, 192 ಕುದುರೆ ಶಕ್ತಿ. ಬರೀ 99 ಗಾಡಿ. ಬೆಲೆ ಸುಮಾರು 26 ಲಕ್ಷ. ‘ಪೋಲೋಗೆ 26 ಲಕ್ಷವಾ’ ಅಂತ ಜನ ನಕ್ಕರು. ಆಮೇಲೆ ಬೆಲೆಯನ್ನು 20 ಲಕ್ಷದ ಆಸುಪಾಸಿಗೆ ಇಳಿಸಿ ಮಾರಿದರು. ಮೊದಲೇ ತಗೊಂಡವರ ಗಾಡಿ ಒಂದೇ ಏಟಿಗೆ ಆರು ಲಕ್ಷ ಇಳಿಯಿತು, ಒಂದು ಕಿಲೋಮೀಟರ್ ಹೆಚ್ಚಿಗೆ ಓಡದೆ. ಈಗ ಅದೇ ಗಾಡಿಯನ್ನು ಹುಡುಕಿಕೊಂಡು ಹೋಗುವವರಿದ್ದಾರೆ. ಯಾಕೆಂದರೆ ಇರುವುದೇ 99, ಅದರಲ್ಲೂ ಗುದ್ದಿಸಿಕೊಳ್ಳದೆ ಉಳಿದವು ಇನ್ನೂ ಕಡಿಮೆ. 2025ರಲ್ಲಿ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 100 ಗಾಡಿ ತಂದಾಗ ಯಾರೂ ನಗಲಿಲ್ಲ. 50 ಲಕ್ಷದ ಬೆಲೆಗೂ ಬುಕಿಂಗ್ ತೆರೆದ ಕೂಡಲೇ ಮುಗಿದುಹೋಯಿತು.

ಪೋರ್ಷೆ 911 ಇನ್ನೊಂದು ಪಾಠ. 1964ರಿಂದ ಮಾರಾಟದಲ್ಲಿರುವ ಗಾಡಿ, ಆಕಾರ ದೂರದಿಂದ ನೋಡಿದರೆ ಹೆಚ್ಚುಕಡಿಮೆ ಅದೇ. 1998ರ ತನಕ ಅದರ ಎಂಜಿನ್ ತಣ್ಣಗಾಗುತ್ತಿದ್ದುದು ಗಾಳಿಯಿಂದ. ಹಾಗೆ ಬಂದ ಕೊನೆಯ ಮಾದರಿ 993. ಆಮೇಲೆ ಬಂದ 996ಕ್ಕೆ ರೇಡಿಯೇಟರ್, ನೀರು. ಮುಂದಿನ ದೀಪವೂ ಬದಲಾಯಿತು, ಜನ ಅದಕ್ಕೆ ಹುರಿದ ಮೊಟ್ಟೆ ಅಂತ ಹೆಸರಿಟ್ಟರು. ಎಂಜಿನ್ ಒಳಗಿನ ಒಂದು ಬೇರಿಂಗ್ ಕೆಲವು ಗಾಡಿಗಳಲ್ಲಿ ಮುರಿದು ಎಂಜಿನ್ನೇ ಹೋಗುತ್ತಿತ್ತು. ಪರಿಣಾಮ, 993 ಏರುತ್ತಾ ಹೋಯಿತು, 996 ಬಹಳ ವರ್ಷ 911ಗಳಲ್ಲೇ ಅಗ್ಗದ್ದಾಗಿ ಉಳಿಯಿತು. 996 ಹೆಚ್ಚು ಹೊಸದು, ಹೆಚ್ಚು ವೇಗದ್ದು. ಸಂತೆಗೆ ಅದು ಬೇಕಿಲ್ಲ. ಸಂತೆ ಕೇಳುವುದು ಒಂದೇ. ಇದು ಇನ್ನು ಮುಂದೆ ಬರುತ್ತದಾ, ಬರುವುದಿಲ್ಲವಾ? ಕೈಯಲ್ಲಿ ಹಾಕುವ ಗೇರಿಗೆ, ಟರ್ಬೊ ಇಲ್ಲದ ದೊಡ್ಡ ಎಂಜಿನ್ನಿಗೆ ಈಗ ಬೆಲೆ ಬಂದಿರುವುದು ಅದಕ್ಕೇ. ವಿದ್ಯುತ್ ಸ್ಪೋರ್ಟ್ಸ್ ಕಾರುಗಳು ವಿದೇಶದಲ್ಲಿ ಬೇಗ ಬೆಲೆ ಕಳೆದುಕೊಳ್ಳುತ್ತಿರುವುದೂ ಅದಕ್ಕೇ. ಮುಂದಿನ ವರ್ಷ ಇದಕ್ಕಿಂತ ಒಳ್ಳೆ ಬ್ಯಾಟರಿ ಬರುತ್ತದೆ ಅಂತ ಎಲ್ಲರಿಗೂ ಗೊತ್ತು.

ಇದನ್ನು ಕೇಳಿ ಯಾರಾದರೂ ‘ಹಾಗಾದರೆ ಇನ್ವೆಸ್ಟ್‌ಮೆಂಟ್ ಅಂತ ತಗೊಳ್ಳೋಣ’ ಅಂದರೆ ನಾನು ಜಾಗ್ವಾರ್ ಎಕ್ಸ್‌ಜೆ220 ಕಥೆ ಹೇಳುತ್ತೇನೆ. 1988ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಮೋಟರ್ ಶೋನಲ್ಲಿ ತೋರಿಸಿದರು. ಹನ್ನೆರಡು ಸಿಲಿಂಡರ್, ನಾಲ್ಕೂ ಚಕ್ರಕ್ಕೆ ಶಕ್ತಿ. ಆಗ ಹಳೆ ಫೆರಾರಿಗಳ ಬೆಲೆ ಆಕಾಶಕ್ಕೆ ಏರಿದ್ದ ಕಾಲ. 50,000 ಪೌಂಡ್ ಮುಂಗಡ ಕೊಟ್ಟು ಜನ ಸಾಲು ನಿಂತರು. ಅವರಲ್ಲಿ ಎಷ್ಟೋ ಜನಕ್ಕೆ ಓಡಿಸುವ ಆಸೆ ಇರಲಿಲ್ಲ, ಕೈ ಬದಲಾಯಿಸಿ ಲಾಭ ಮಾಡುವ ಆಸೆ. 1992ರಲ್ಲಿ ಗಾಡಿ ಬರುವ ಹೊತ್ತಿಗೆ ಅದರಲ್ಲಿ ಆರೇ ಸಿಲಿಂಡರ್, ಹಿಂದಿನ ಎರಡು ಚಕ್ರಕ್ಕೆ ಮಾತ್ರ ಶಕ್ತಿ. 2,90,000 ಪೌಂಡ್ ಅಂದಿದ್ದ ಬೆಲೆ 4,70,000ದ ಹತ್ತಿರ. ಅಷ್ಟರಲ್ಲಿ ಮಾರುಕಟ್ಟೆ ಬಿದ್ದುಹೋಗಿತ್ತು. ಬುಕ್ ಮಾಡಿದವರು ‘ನಮಗೆ ಬೇಡ’ ಅಂತ ಕೋರ್ಟಿಗೆ ಹೋದರು. ಅದೇ 1992ರಲ್ಲಿ ತೋರಿಸಿದ ಮೆಕ್‌ಲಾರೆನ್ ಎಫ್1 ಕೂಡ ಆಗ ಸುಲಭವಾಗಿ ಖರ್ಚಾಗಲಿಲ್ಲ. ಬೆಲೆ 5 ಲಕ್ಷ ಪೌಂಡ್‌ಗೂ ಮೇಲೆ, ಒಟ್ಟು ಮಾಡಿದ್ದೇ 106. ಅದರಲ್ಲೊಂದು 2021ರಲ್ಲಿ ಅಮೆರಿಕದ ಪೆಬಲ್ ಬೀಚ್ ಹರಾಜಿನಲ್ಲಿ 2 ಕೋಟಿ ಡಾಲರ್ ದಾಟಿತು. 1992ರಲ್ಲಿ ಈ ಎರಡರ ಮುಂದೆ ನಿಂತು ಯಾವುದು ಏರುತ್ತದೆ ಅಂತ ಹೇಳಬಲ್ಲವರು ಈ ಸಭೆಯಲ್ಲಿ ಇದ್ದರೆ ದಯವಿಟ್ಟು ನನ್ನ ಆಫೀಸಿಗೆ ಬನ್ನಿ.

ನಮ್ಮಲ್ಲಿ ಸಂತೆಗಿಂತ ದೊಡ್ಡ ಅಪಾಯ ದೆಹಲಿಯಿಂದ ಬರುವ ಅಧಿಸೂಚನೆ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾಯಿತು. ದೊಡ್ಡ ಕಾರಿಗೆ 28ರ ಮೇಲೆ 20 ಸೆಸ್ ಇದ್ದದ್ದು ಬರೀ 40 ಆಯಿತು. ಒಂದು ಕೋಟಿಯ ಗಾಡಿ ಐದೂವರೆ ಲಕ್ಷದಷ್ಟು ಇಳಿಯಿತು. ಆಗಸ್ಟ್‌ನಲ್ಲಿ ತಗೊಂಡವರ ಮುಖ ನೆನೆಸಿಕೊಳ್ಳಿ. ಹೊಸದು ಇಳಿದರೆ ಹಳೆಯದೂ ಅದರ ಬೆನ್ನಿಗೇ ಇಳಿಯುತ್ತದೆ. 2025ರ ಜುಲೈ 24ರಂದು ಬ್ರಿಟನ್ ಜೊತೆ ವ್ಯಾಪಾರ ಒಪ್ಪಂದಕ್ಕೆ ಸಹಿ ಬಿತ್ತು. ಅಲ್ಲಿಂದ ಬರುವ ಕಾರುಗಳಿಗೆ, ನಿಗದಿ ಮಾಡಿದ ಸಂಖ್ಯೆಯ ಒಳಗೆ, ಹಂತ ಹಂತವಾಗಿ ಸುಂಕವನ್ನು ಶೇಕಡ 10ಕ್ಕೆ ತರುವ ಮಾತಿದೆ. ನೂರಹತ್ತು ಕಟ್ಟಿ ತಂದವನ ರಸೀದಿಗೆ ಆಗ ಏನು ಬೆಲೆ? ಬ್ರಿಟಿಷ್ ಸ್ಪೋರ್ಟ್ಸ್ ಕಾರಿನ ಮೇಲೆ ಕಣ್ಣಿದ್ದವರು ಅವಸರ ಮಾಡಬೇಡಿ, ಅಷ್ಟೇ ನನ್ನ ಮಾತು.

ಈಗ ನೋಡಿ ತಗೊಳ್ಳುವ ವಿಷಯ. ಇದರ ಮೇಲೆ ನಿಮಗೆಲ್ಲ ನನಗಿಂತ ಚೆನ್ನಾಗಿ ಗೊತ್ತಿದೆ. ನನಗೆ ಉಪಯೋಗಕ್ಕೆ ಬಂದ ಮೂರ್ನಾಲ್ಕು ಸಂಗತಿ ಮಾತ್ರ ಹೇಳುತ್ತೇನೆ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 3519 ಅಂತಿದ್ದರೆ 2019ರ 35ನೇ ವಾರ ತಯಾರಾದದ್ದು. ಸ್ಪೋರ್ಟ್ಸ್ ಕಾರು ಕಡಿಮೆ ಓಡುವುದರಿಂದ ಟೈರಿನ ಗುಂಡಿ ಹೊಸದರಂತೆ ಆಳ ಇರುತ್ತದೆ, ರಬ್ಬರ್ ಮಾತ್ರ ಕಲ್ಲಾಗಿರುತ್ತದೆ. ‘ಬರೀ 8,000 ಓಡಿದೆ’ ಅನ್ನುವ ಮಾತು ನನಗೆ ಸಂತೋಷಕ್ಕಿಂತ ಅನುಮಾನವನ್ನೇ ಜಾಸ್ತಿ ತರುತ್ತದೆ. ನಿಂತ ಗಾಡಿಯ ಸೀಲ್ ಒಣಗುತ್ತದೆ, ಬ್ಯಾಟರಿ ಸಾಯುತ್ತದೆ, ಇಲಿ ವೈರ್ ಕಡಿಯುತ್ತದೆ.

ಕೈಗೇರಿನ ಗಾಡಿಯಾದರೆ ಎಂಜಿನ್ ಕಂಪ್ಯೂಟರ್ ಓದಿಸಿ. ಐದರಿಂದ ನಾಲ್ಕಕ್ಕೆ ಹಾಕಲು ಹೋಗಿ ತಪ್ಪಿ ಎರಡಕ್ಕೆ ಹಾಕಿದರೆ ಎಂಜಿನ್ ಮಿತಿ ಮೀರಿ ತಿರುಗುತ್ತದೆ. ಪೋರ್ಷೆಯಂಥ ಗಾಡಿಗಳಲ್ಲಿ ಎಷ್ಟು ಸಲ ಹಾಗಾಗಿದೆ ಅನ್ನುವುದು ಒಳಗೆ ದಾಖಲಾಗಿರುತ್ತದೆ. ಮಾರುವವನು ಮರೆತಿರಬಹುದು, ಕಂಪ್ಯೂಟರ್ ಮರೆಯುವುದಿಲ್ಲ.

2022ರ ಸೆಪ್ಟೆಂಬರ್ ನೆನಪಿದೆಯಲ್ಲ? ಯಮಲೂರು, ಬೆಳ್ಳಂದೂರು ಕಡೆ ಬಂಗಲೆಗಳ ಪೋರ್ಟಿಕೋದಲ್ಲಿ ದುಬಾರಿ ಗಾಡಿಗಳು ಕಿಟಕಿ ತನಕ ಮುಳುಗಿದ್ದವು. ಹಾಗೆ ಮುಳುಗಿದ ಗಾಡಿಗಳನ್ನು ಇನ್ಶೂರೆನ್ಸ್‌ನವರು ಪೂರ್ತಿ ನಷ್ಟ ಅಂತ ಬರೆದು ಹರಾಜು ಹಾಕುತ್ತಾರೆ. ತೊಳೆದು, ಒಣಗಿಸಿ, ಬೇರೆ ಊರಿನಲ್ಲಿ ಅವು ಮತ್ತೆ ಹುಟ್ಟುತ್ತವೆ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ. ಅಲ್ಲಿ ಮಣ್ಣಿನ ಗೆರೆ ತೊಳೆಯುವುದನ್ನು ಎಲ್ಲರೂ ಮರೆಯುತ್ತಾರೆ.

ಬೇರೆ ರಾಜ್ಯದ ಅಗ್ಗದ ಗಾಡಿ ಅಂತ ಓಡಬೇಡಿ. ದೆಹಲಿ ಸುತ್ತಮುತ್ತ 10 ವರ್ಷದ ಡೀಸೆಲ್, 15 ವರ್ಷದ ಪೆಟ್ರೋಲ್ ಗಾಡಿಗೆ ತೊಂದರೆ ಇರುವುದರಿಂದ ಅಲ್ಲಿ ಬೆಲೆ ಕಡಿಮೆ. ಆದರೆ ಇಲ್ಲಿ ತಂದು ಇಟ್ಟುಕೊಳ್ಳಲು ಎನ್‌ಒಸಿ ಬೇಕು, ಗಾಡಿಯ ವಯಸ್ಸಿಗೆ ತಕ್ಕ ಹಾಗೆ ಲೈಫ್‌ಟೈಮ್ ಟ್ಯಾಕ್ಸ್ ಇಲ್ಲಿ ಕಟ್ಟಬೇಕು. 2025ರ ಜುಲೈನಲ್ಲಿ ಮಹಾರಾಷ್ಟ್ರ ನಂಬರಿನ ಒಂದು ಫೆರಾರಿಯನ್ನು ಬೆಂಗಳೂರಿನಲ್ಲಿ ಹಿಡಿದು, ಸುಮಾರು 1.42 ಕೋಟಿ ತೆರಿಗೆ ಕಟ್ಟಿಸಿಕೊಂಡರು. ತೆರಿಗೆಯೇ ಒಂದೂವರೆ ಕೋಟಿಯ ಹತ್ತಿರ! ಉಳಿದಂತೆ ಆರ್‌ಸಿ ಮೇಲೆ ಬ್ಯಾಂಕ್ ಸಾಲ ಇದೆಯಾ ನೋಡಿ, ಹೆಸರು ಬದಲಾವಣೆಯ ಫಾರ್ಮ್ 29, 30ಕ್ಕೆ ಸಹಿ ಹಾಕಿಸಿ, ಬಾಕಿ ಇರುವ ಟ್ರಾಫಿಕ್ ದಂಡ ನೋಡಿ. ಸ್ಪೋರ್ಟ್ಸ್ ಕಾರಿನ ಮೇಲೆ ಅದು ಇಲ್ಲದಿದ್ದರೆ ಆಶ್ಚರ್ಯ.

ಪ್ರಶ್ನೆಗಳು ಬಂದವು. ಒಬ್ಬ ಹುಡುಗ ಕೇಳಿದ, ‘ಎಲ್ಲರೂ ನಿಮ್ಮ ಮಾತು ಕೇಳಿದರೆ ಹೊಸದು ಯಾರು ತಗೋತಾರೆ ಸಾರ್?’ ಹೊಸದು ತಗೊಳ್ಳುವವರಿಗೂ ಕಾರಣ ಇದೆ ಅಂದೆ. ಬೇಕಾದ ಬಣ್ಣ, ಬೇಕಾದ ಸೀಟು, ವಾರಂಟಿ, ಮೊದಲ ಸಲ ಸ್ಟಾರ್ಟ್ ಮಾಡುವ ಸುಖ. ಹದಿನೈದು ವರ್ಷ ತಾನೇ ಇಟ್ಟುಕೊಳ್ಳುವವರಿಗೆ ಮೊದಲ ಮೂರು ವರ್ಷದ ಇಳಿಕೆ ದೊಡ್ಡದಲ್ಲ. ಮೂರು ವರ್ಷಕ್ಕೊಮ್ಮೆ ಬದಲಾಯಿಸುವವರು ನಮ್ಮಂಥವರ ಪಾಲಿನ ಕಾಮಧೇನು, ಅವರನ್ನು ಕೆಣಕಬೇಡಿ.

ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಹಿರಿಯ ಹೆಂಗಸು ಕೈ ಎತ್ತಿದರು. ಮಗ ಕ್ಯಾಲಿಫೋರ್ನಿಯಾದಲ್ಲಿದ್ದಾನಂತೆ. ಮಾಜ್ದಾ ಮಿಯಾಟಾ ತಗೊಳ್ಳಬೇಕು ಅಂತಿದ್ದಾನೆ, ಹೊಸದಾ ಹಳೆಯದಾ ಅಂತ ಕೇಳಿದರು. ಅಲ್ಲಿನ ಲೆಕ್ಕವೇ ಬೇರೆ ಅಮ್ಮ, ಅಂದೆ. ಅಲ್ಲಿ ನಮ್ಮ ಹಾಗೆ ಜೀವಮಾನದ ತೆರಿಗೆ ಒಬ್ಬನ ತಲೆ ಮೇಲೆ ಬೀಳುವುದಿಲ್ಲ. ಮಾರಾಟ ತೆರಿಗೆ ಮೂಲ 7.25, ಊರಿನದ್ದು ಸೇರಿ ಕೆಲವು ಕಡೆ 10 ದಾಟುತ್ತದೆ. ಗಾಡಿ ಮಾರಾಟವಾದಾಗಲೆಲ್ಲ, ಡೀಲರ್ ಇಲ್ಲದೆ ಹಳೆ ಮಾಲೀಕನಿಂದ ನೇರವಾಗಿ ತಗೊಂಡರೂ, ಮತ್ತೆ ಅದನ್ನು ಕಟ್ಟಬೇಕು. ಹಾಗಾಗಿ ಎರಡನೇ ಮಾಲೀಕನಿಗೆ ಇಲ್ಲಿ ಸಿಗುವ ಉಡುಗೊರೆ ಅಲ್ಲಿ ಸಿಗುವುದಿಲ್ಲ. ಮಿಯಾಟಾ 1989ರಿಂದ ಬರುತ್ತಿದೆ, ಹಗುರ, ರಿಪೇರಿ ಸುಲಭ. ಎರಡು ವರ್ಷ ಹಳೆಯದಕ್ಕೂ ಹೊಸದಕ್ಕೂ ಬೆಲೆಯಲ್ಲಿ ದೊಡ್ಡ ಅಂತರ ಇಲ್ಲದಿದ್ದರೆ ಹೊಸದೇ ತಗೊಳ್ಳಲಿ. ಆದರೆ ಎರಡೇ ಸೀಟು, ಗೊತ್ತು ತಾನೇ?

‘ಗೊತ್ತಪ್ಪ’ ಅಂದರು. ‘ನಾನು ಹೋದಾಗ ಸೊಸೆ ಮನೇಲಿರ್ತಾಳೆ.’